ಕಣ್ಣು ಸರಿಯಿದ್ದೂ ಮಗ ಮುಖ ನೋಡುವುದಿಲ್ಲವೇಕೆ? ಆಟಿಸಂ ಇರುವ ಮಕ್ಕಳ ನೋಟ ಮತ್ತು ಮಿದುಳು

ಪ್ರಶ್ನೆ: ನಾವು ಕೊಪ್ಪಳ ಜಿಲ್ಲೆಯ ಕಾರಟಗಿ ಕಡೆಯವರು. ನನ್ನ ಆರು ವರ್ಷದ ಮಗನಿಗೆ ಆಟಿಸಂ ಇದೆಯೆಂದು ಕಳೆದ ವರ್ಷ ಗೊತ್ತಾಯಿತು. ಮೊರದಲ್ಲಿ ಅಕ್ಕಿ ಹಾಕಿಕೊಂಡು ಕುಳಿತರೆ ನನಗಿಂತ ಮೊದಲೇ ನೆಲ್ಲು, ಹರಳು ಆರಿಸಿ ತೆಗೆಯುತ್ತಾನೆ. ಆದರೆ ಯಾರ ಮುಖವನ್ನೂ ಕಣ್ಣಿಟ್ಟು ನೋಡುವುದಿಲ್ಲ. ಮೀಸೆ ತೆಗೆಸಿಕೊಂಡು ಬಂದ ಸೋದರಮಾವನ ಗುರುತು ಹತ್ತದೆ ಅತ್ತುಬಿಟ್ಟ. ತಿರುಗುವ ಫ್ಯಾನನ್ನು ಓರೆಗಣ್ಣಿನಲ್ಲಿ ಬಹಳ ಹೊತ್ತು ನೋಡುತ್ತಾನೆ. ಕಣ್ಣಿನ ಡಾಕ್ಟರು ಕಣ್ಣು ಸರಿ ಇವೆ ಎಂದರು. ನಮ್ಮ ಅತ್ತೆಯವರು ‘ದೃಷ್ಟಿ ತಾಗೇತಿ’ ಅನ್ನುತ್ತಾರೆ. ಶಾಲೆಯಲ್ಲಿ ಗದ್ದ ಹಿಡಿದು ಮುಖ ಎತ್ತಿ ‘ನನ್ನ ಕಣ್ಣು ನೋಡು’ ಎಂದು ರೂಢಿ ಮಾಡಿಸುತ್ತಿದ್ದಾರೆ, ಇದು ಸರಿಯೇ? ಬಣ್ಣದ ಕನ್ನಡಕ ಮತ್ತು ಕಣ್ಣಿನ ವ್ಯಾಯಾಮದಿಂದ ಆಟಿಸಂ ಕಡಿಮೆಯಾಗುತ್ತದೆಂದು ಬಳ್ಳಾರಿಯಲ್ಲಿ ಒಬ್ಬರು ಹೇಳಿದರು, ನಂಬಬಹುದೇ? ಜನವರಿಯಲ್ಲಿ ಗವಿಮಠದ ಜಾತ್ರೆಗೆ ಅವನನ್ನು ಕರೆದುಕೊಂಡು ಹೋಗಬಹುದೇ?

ಉತ್ತರ: ಅಕ್ಕಿಯೊಳಗಿನ ನೆಲ್ಲು ಬೇಗ ಕಾಣುವುದು, ಮೀಸೆಯಿಲ್ಲದ ಮಾವನ ಗುರುತು ಹತ್ತದಿರುವುದು, ಎದುರಿಗಿದ್ದವರ ಕಣ್ಣು ತಪ್ಪಿಸುವುದು, ಇವು ಮೂರೂ ಬೇರೆ ಬೇರೆ ತೊಂದರೆಗಳಂತೆ ತೋರಿದರೂ ಬಹುಮಟ್ಟಿಗೆ ಒಂದೇ ಬೇರಿನಿಂದ ಬಂದವು. ಆಟಿಸಂ ಎಂದರೆ ಮಿದುಳಿನ ಬೆಳವಣಿಗೆಯಲ್ಲಿನ ಒಂದು ವ್ಯತ್ಯಾಸ. ನಿಮ್ಮ ಮಗ ಕಡಿಮೆ ನೋಡುತ್ತಿಲ್ಲ. ಕಂಡದ್ದರಲ್ಲಿ ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕು, ಯಾವುದನ್ನು ಕಂಡೂ ಬಿಟ್ಟುಬಿಡಬೇಕು ಎಂದು ಮಿದುಳು ಮಾಡುವ ತೀರ್ಮಾನ ಅವನಲ್ಲಿ ಬೇರೆ ರೀತಿ ನಡೆಯುತ್ತದೆ. ಈ ಒಂದು ಮಾತನ್ನು ಮನೆಯವರೂ ಶಾಲೆಯವರೂ ಹಿಡಿದುಕೊಂಡರೆ ಅವನೊಡನೆ ಹೇಗೆ ನಡೆದುಕೊಳ್ಳಬೇಕೆಂಬುದು ಬಹಳಷ್ಟು ತಾನಾಗಿಯೇ ತಿಳಿಯುತ್ತದೆ ಎಂಬುದು ನನ್ನ ನಂಬಿಕೆ.

ಕಣ್ಣಿನೊಳಗಿನ ಅಕ್ಷಿಪಟದ ಮೇಲೆ ಬಿದ್ದ ಬೆಳಕು ನರಸಂಕೇತವಾಗಿ ಮಾರ್ಪಟ್ಟು ಪ್ರತಿ ಕಣ್ಣಿನಿಂದಲೂ ಸುಮಾರು 10 ಲಕ್ಷ ನರತಂತುಗಳ ಮೂಲಕ ಹೊರಟು, ಮಿದುಳಿನ ನಡುವಿನ ಥಾಲಮಸ್ ದಾಟಿ, ತಲೆಯ ಹಿಂಭಾಗದಲ್ಲಿರುವ ದೃಷ್ಟಿ ವಲಯವನ್ನು ತಲುಪುತ್ತದೆ. ಅಲ್ಲಿ ಮೊದಲು ಗೆರೆ, ಅಂಚು, ಬಣ್ಣದ ವ್ಯತ್ಯಾಸಗಳು ಗುರುತಾಗುತ್ತವೆ. ಆಮೇಲೆ ‘ಇದು ಏನು’ ಎಂಬ ಲೆಕ್ಕ ಕಿವಿಯ ಮಟ್ಟದ ಕೆಳಭಾಗದ ಕಡೆಗೂ, ‘ಇದು ಎಲ್ಲಿದೆ, ಎತ್ತ ಚಲಿಸುತ್ತಿದೆ’ ಎಂಬ ಲೆಕ್ಕ ನೆತ್ತಿಯ ಕಡೆಗೂ ಸಾಗುತ್ತದೆ. ಇದರ ಜೊತೆಗೆ ಹಿಮ್ಮುಖವಾದ ದಾರಿಯೂ ಒಂದಿದೆ. ಮೇಲಿನ ವಲಯಗಳು ‘ಇಲ್ಲಿ ಇಂಥದ್ದು ಇರಬೇಕು’ ಎಂಬ ನಿರೀಕ್ಷೆಯನ್ನು ಕೆಳಗಿನ ವಲಯಗಳಿಗೆ ಸದಾ ಕಳಿಸುತ್ತಿರುತ್ತವೆ. ಆಟಿಸಂನ ವ್ಯತ್ಯಾಸವನ್ನು ಹುಡುಕಬೇಕಾದದ್ದು ಕಣ್ಣುಗುಡ್ಡೆಯಲ್ಲಿ ಅಲ್ಲ, ಈ ಹೋಗಿಬರುವ ಲೆಕ್ಕಾಚಾರದಲ್ಲಿ. ಆಟಿಸಂ ಇರುವವರಿಗೆ ಹದ್ದಿನಷ್ಟು ಚುರುಕಾದ ಕಣ್ಣಿರುತ್ತದೆ ಎಂಬ ವರದಿಯೊಂದು 2009ರಲ್ಲಿ ಬಂದು ದೊಡ್ಡ ಸುದ್ದಿಯಾಗಿತ್ತು. ಅಳತೆಯ ವಿಧಾನದಲ್ಲಿ ದೋಷವಿತ್ತೆಂದು ಬೇಗನೆ ಇತರ ಸಂಶೋಧಕರು ತೋರಿಸಿದರು, ಮರುಪರೀಕ್ಷೆಗಳಲ್ಲಿ ಅದು ನಿಲ್ಲಲಿಲ್ಲ. ಆದ್ದರಿಂದ ನಿಮ್ಮ ಮಗ ನೆಲ್ಲನ್ನು ಬೇಗ ಕಾಣುವುದು ಕಣ್ಣಿನ ಅತಿಶಯ ಶಕ್ತಿಯಿಂದಲ್ಲ.

ಅದು ಬಿಡಿ ವಿವರದ ಮೇಲೆ ಮಿದುಳು ಇಡುವ ಒತ್ತಿನಿಂದ. ಲಿಯೊ ಕಾನರ್ 1943ರಲ್ಲಿ 11 ಮಕ್ಕಳನ್ನು ವಿವರಿಸಿ ಆಟಿಸಂ ಬಗ್ಗೆ ಮೊದಲ ಪ್ರಮುಖ ಲೇಖನ ಬರೆದಾಗಲೇ, ಈ ಮಕ್ಕಳು ಬಿಡಿ ಭಾಗಗಳಿಗೆ ಪೂರ್ತಿ ಗಮನ ಕೊಡದೆ ಇಡಿಯನ್ನು ಅನುಭವಿಸಲಾರರು ಎಂದು ಗಮನಿಸಿದ್ದರು. ಲಂಡನ್ನಿನಲ್ಲಿ ಅಮಿತಾ ಶಾ ಮತ್ತು ಉಟಾ ಫ್ರಿತ್ 1983ರಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿದರು. ದೊಡ್ಡ ಚಿತ್ರವೊಂದರ ಗೆರೆಗಳ ನಡುವೆ ಅಡಗಿಸಿಟ್ಟ ಸಣ್ಣ ತ್ರಿಕೋನವನ್ನೋ ಮನೆಯಾಕೃತಿಯನ್ನೋ ಹುಡುಕುವ ಆ ಪರೀಕ್ಷೆಯಲ್ಲಿ, ಅದೇ ಬೌದ್ಧಿಕ ಮಟ್ಟದ ಇತರ ಮಕ್ಕಳಿಗಿಂತ ಆಟಿಸಂ ಇರುವ ಮಕ್ಕಳು ಮುಂದಿದ್ದರು. ಅವರದೇ 1993ರ ಇನ್ನೊಂದು ಪ್ರಯೋಗ ನನಗೆ ಇನ್ನೂ ಮುಖ್ಯವೆನ್ನಿಸುತ್ತದೆ. ಕೊಟ್ಟ ವಿನ್ಯಾಸವನ್ನು ಬಣ್ಣದ ಘನಗಳಿಂದ ಜೋಡಿಸುವ ಕೆಲಸ ಅದು. ವಿನ್ಯಾಸವನ್ನು ಮೊದಲೇ ಚೌಕಗಳಾಗಿ ಬಿಡಿಸಿ ತೋರಿಸಿದಾಗ ಸಾಮಾನ್ಯ ಮಕ್ಕಳ ವೇಗ ಬಹಳ ಹೆಚ್ಚಿತು. ಆಟಿಸಂ ಇರುವವರಿಗೆ ಅದರಿಂದ ಅಷ್ಟೇನೂ ಲಾಭವಾಗಲಿಲ್ಲ. ಏಕೆಂದರೆ ಅವರು ಅದನ್ನು ಮೊದಲಿನಿಂದಲೂ ಬಿಡಿಬಿಡಿಯಾಗಿಯೇ ನೋಡುತ್ತಿದ್ದರು. ಇಡಿಯಾಗಿ ಕಾಣುವ ಚಿತ್ರ ಬೇರೆಯವರಿಗೆ ಒಡ್ಡುವ ಅಡ್ಡಿ ಅವರಿಗಿರಲಿಲ್ಲ. ಮೊರದಲ್ಲಿ ನಡೆಯುವುದೂ ಇದೇ: ನಿಮಗೆ ಕಾಣುವುದು ಬಿಳಿಯ ಅಕ್ಕಿಯ ಹರವು, ಅದರೊಳಗೆ ನೀವು ಹುಡುಕಬೇಕು, ಅವನಿಗೆ ಕಾಣುವುದು ಒಂದೊಂದು ಕಾಳು, ಅವುಗಳಲ್ಲಿ ಬಣ್ಣ ಬೇರೆಯಾದದ್ದು ತಾನೇ ಎದ್ದು ನಿಲ್ಲುತ್ತದೆ. ಗುಂಪಿನ ನಡುವೆ ಬೇರೆಯಾದ ಗುರುತನ್ನು ಪತ್ತೆ ಮಾಡುವ ವೇಗ ಆಟಿಸಂ ಇರುವ ಮಕ್ಕಳಲ್ಲಿ ಹೆಚ್ಚೆಂದು 1990ರ ದಶಕದ ಕೊನೆಯಿಂದ ಹಲವು ಪ್ರಯೋಗಗಳು ತೋರಿಸಿವೆ.

ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೆಂಬುದರಲ್ಲಿ ತಜ್ಞರ ನಡುವೆ ದೀರ್ಘ ವಾದ ನಡೆದಿದೆ. ಇಡಿಯನ್ನು ಕೂಡಿಸುವ ಶಕ್ತಿ ದುರ್ಬಲವಾಗಿದೆ ಎಂದು ಉಟಾ ಫ್ರಿತ್ ಮೊದಲು ವಾದಿಸಿದರು. ಇಲ್ಲ, ವಿವರವನ್ನು ಗ್ರಹಿಸುವ ಶಕ್ತಿ ಹೆಚ್ಚಾಗಿದೆ, ಇಡಿಯನ್ನು ನೋಡುವುದು ಅವರಿಗೆ ಒಂದು ಆಯ್ಕೆ, ನಮಗಾದರೋ ಅದು ತಪ್ಪಿಸಲಾಗದ ಅಭ್ಯಾಸ ಎಂದು ಕೆನಡಾದ ಮಾಂಟ್ರಿಯಲ್‌ನ ಲೊರಾಂ ಮಾತ್ರೋಂ ಪ್ರತಿಪಾದಿಸಿದರು. 2015ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದ ವಿಶ್ಲೇಷಣೆಯೊಂದು, ಆಟಿಸಂ ಇರುವವರು ಇಡಿಯನ್ನೂ ಕಾಣಬಲ್ಲರು, ಆದರೆ ಅದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ, ಅದರಲ್ಲೂ ಬಿಡಿ ವಿವರಗಳು ಗಮನವನ್ನು ಎಳೆಯುವಾಗ ಎಂಬ ತೀರ್ಮಾನಕ್ಕೆ ಬಂದಿತು. ನಾನು ಈ ಕೊನೆಯ ಮಾತಿಗೆ ಹೆಚ್ಚು ಬೆಲೆ ಕೊಡುತ್ತೇನೆ, ಏಕೆಂದರೆ ಮನೆಯಲ್ಲಿ ಕೂಡಲೇ ಬಳಸಬಹುದಾದದ್ದು ಅದೇ. ಸಣ್ಣ ಸಣ್ಣ ‘ಸ’ಗಳನ್ನು ಸಾಲಾಗಿ ಬರೆದು ಅವುಗಳಿಂದ ಒಂದು ದೊಡ್ಡ ‘ರ’ ಮಾಡಿ ಅವನ ಮುಂದಿಡಿ. ಮೊದಲು ಅವನು ‘ಸ’ ಎನ್ನಬಹುದು. ತಪ್ಪೆನ್ನಬೇಡಿ, ಅದು ತಪ್ಪೂ ಅಲ್ಲ. ‘ಎಲ್ಲ ಸೇರಿ ಯಾವ ಅಕ್ಷರ ಆಯಿತು?’ ಎಂದು ಕೇಳಿ ಸುಮ್ಮನೆ ಕಾಯಿರಿ. ಪಾಠದ ಚಿತ್ರವಾಗಲಿ, ಬೀದಿಯ ದೃಶ್ಯವಾಗಲಿ, ಇಡಿಯನ್ನು ಕೇಳಿದಾಗ ಮಾತ್ರ ಮತ್ತು ಸಮಯ ಕೊಟ್ಟಾಗ ಮಾತ್ರ ಅದು ಅವನ ಹಿಡಿತಕ್ಕೆ ಬರುತ್ತದೆ.

ಇನ್ನು ಮಾವನ ಮೀಸೆ. ನಮ್ಮೆಲ್ಲರ ಮಿದುಳೂ ಕಣ್ಣು ತಂದದ್ದನ್ನು ಹಾಗೆಯೇ ಒಪ್ಪಿಕೊಳ್ಳುವುದಿಲ್ಲ. ಹಿಂದೆ ಕಂಡದ್ದರಿಂದ ಕಟ್ಟಿಕೊಂಡ ನಿರೀಕ್ಷೆಯೊಂದಿಗೆ ಬೆರೆಸಿ, ಸಣ್ಣಪುಟ್ಟ ವ್ಯತ್ಯಾಸಗಳನ್ನು ಮುಚ್ಚಿಹಾಕುತ್ತದೆ. ಹೀಗಾಗಿ ಮೀಸೆ ಹೋದದ್ದು ನಮಗೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ, ‘ಏನೋ ಬದಲಾಗಿದೆಯಲ್ಲ’ ಎನ್ನುತ್ತೇವೆ. ಎಲಿಜಬೆತ್ ಪೆಲಿಕಾನೊ ಮತ್ತು ಡೇವಿಡ್ ಬರ್ 2012ರಲ್ಲಿ, ಆಟಿಸಂ ಇರುವವರಲ್ಲಿ ಈ ಹಿಂದಿನ ನಿರೀಕ್ಷೆಯ ತೂಕ ಕಡಿಮೆ, ಈ ಕ್ಷಣ ಕಣ್ಣು ತಂದದ್ದರ ತೂಕ ಹೆಚ್ಚು ಎಂಬ ಸಿದ್ಧಾಂತ ಮಂಡಿಸಿದರು. ಆ ಬಳಿಕ ನಡೆದ ಎಲ್ಲ ಪ್ರಯೋಗಗಳೂ ಇದನ್ನು ಬೆಂಬಲಿಸಿಲ್ಲ, ಆದರೂ ತಾಯಂದಿರು ಹೇಳುವ ಎಷ್ಟೋ ಸಂಗತಿಗಳು ಇದರಿಂದ ಅರ್ಥವಾಗುತ್ತವೆ. ಮೀಸೆ ಎಂಬ ವಿವರವನ್ನೇ ಗುರುತಾಗಿ ಇಟ್ಟುಕೊಂಡ ಮಗುವಿಗೆ, ಅದು ಹೋದ ಮೇಲೆ ಎದುರಿಗೆ ನಿಂತವನು ಮಾವನ ದನಿಯಲ್ಲಿ ಮಾತನಾಡುವ ಬೇರೊಬ್ಬ ಗಂಡಸು. ಅವನು ಅತ್ತದ್ದು ಹಟದಿಂದಲ್ಲ, ಹೆದರಿಕೆಯಿಂದ. ಮುಂದೆ ಇಂಥ ಬದಲಾವಣೆ ಇದ್ದರೆ ಮೊದಲೇ ಫೋನಿನಲ್ಲಿ ಫೋಟೋ ತೋರಿಸಿ. ಸಾಧ್ಯವಾದರೆ ಅವನ ಎದುರಿಗೇ ಮೀಸೆ ತೆಗೆಯಲಿ. ಮನೆಯ ಸಾಮಾನು ಜಾಗ ಬದಲಾದಾಗ ಅವನು ಕಸಿವಿಸಿಗೊಳ್ಳುವುದಕ್ಕೂ ಇದೇ ಕಾರಣವಿರಬಹುದು.

ಮಿದುಳಿನೊಳಗೆ ಇದಕ್ಕೆ ಕುರುಹುಗಳಿವೆಯೇ ಎಂದರೆ, ಇವೆ. ಮುಖ, ವಸ್ತು, ಅಕ್ಷರಗಳನ್ನು ತೋರಿಸಿ ಸ್ಕ್ಯಾನ್ ಮಾಡಿದ 26 ಅಧ್ಯಯನಗಳನ್ನು 2012ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ, ಆಟಿಸಂ ಇರುವವರಲ್ಲಿ ಹಿಂಭಾಗದ ದೃಷ್ಟಿಸಂಬಂಧಿ ವಲಯಗಳು ಹೆಚ್ಚು ಚಟುವಟಿಕೆ ತೋರಿದವು, ಮುಂಭಾಗದ ವಲಯಗಳು ಕಡಿಮೆ. ಇನ್ನೊಂದು ಪ್ರಯೋಗ ಬಹಳ ಸರಳ, ಆದರೆ ಆಳವಾದದ್ದು. ಒಂದು ಕಣ್ಣಿಗೆ ಒಂದು ಚಿತ್ರ, ಇನ್ನೊಂದು ಕಣ್ಣಿಗೆ ಬೇರೆಯದೇ ಚಿತ್ರ ತೋರಿಸಿದರೆ ಎರಡೂ ಬೆರೆತು ಕಾಣುವುದಿಲ್ಲ. ಕೆಲವು ಸೆಕೆಂಡು ಒಂದು, ಆಮೇಲೆ ಇನ್ನೊಂದು ಎಂದು ಸರದಿಯಂತೆ ಕಾಣುತ್ತವೆ. ಒಂದನ್ನು ಕಾಣಲು ಇನ್ನೊಂದನ್ನು ಮಿದುಳು ತಡೆದು ಹಿಡಿಯಬೇಕು, ಆ ತಡೆಯ ಕೆಲಸ ಮಾಡುವ ಮುಖ್ಯ ರಾಸಾಯನಿಕ ಗಾಬಾ. ಕ್ಯಾರೊಲಿನ್ ರಾಬರ್ಟ್‌ಸನ್ ಮತ್ತು ಸಂಗಡಿಗರ ಅಧ್ಯಯನಗಳಲ್ಲಿ ಆಟಿಸಂ ಇರುವವರಿಗೆ ಈ ಸರದಿ ನಿಧಾನವಾಗಿತ್ತು, ಎರಡೂ ಚಿತ್ರ ಕಲಸಿದಂತೆ ಕಾಣುವ ಹೊತ್ತು ಹೆಚ್ಚಿತ್ತು. ದೃಷ್ಟಿ ವಲಯದ ಗಾಬಾ ಪ್ರಮಾಣಕ್ಕೂ ಈ ತಡೆಯುವ ಶಕ್ತಿಗೂ ಸಾಮಾನ್ಯರಲ್ಲಿ ಇದ್ದ ನೇರ ಸಂಬಂಧ ಅವರಲ್ಲಿ ಇರಲಿಲ್ಲ ಎಂದು 2016ರಲ್ಲಿ ವರದಿಯಾಯಿತು. ಬೇಡದ್ದನ್ನು ಬದಿಗೊತ್ತುವ ಕೆಲಸ ಕಷ್ಟವಾದಾಗ ಲೋಕ ಎಷ್ಟು ದಟ್ಟವಾಗಿ ಮೈಮೇಲೆ ಬರುತ್ತದೆಂಬುದನ್ನು ನಾವು ಊಹಿಸಿಕೊಳ್ಳಲೇಬೇಕು. ನಿಮ್ಮ ಅತ್ತೆಯವರಿಗೂ ಇಷ್ಟನ್ನು ಸಮಾಧಾನದಿಂದ ತಿಳಿಸಿ: ಈ ಬೆಳವಣಿಗೆಯ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು, ಅದು ಮಗು ಹೊಟ್ಟೆಯಲ್ಲಿರುವಾಗಲೇ ಆರಂಭವಾಗಿರುತ್ತದೆ, ಯಾರ ದೃಷ್ಟಿಯೂ ತಾಗಿಲ್ಲ, ತಾಯಿಯ ತಪ್ಪಂತೂ ಅಲ್ಲವೇ ಅಲ್ಲ.

ಮುಖ ಮತ್ತು ಕಣ್ಣಿನ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಶಾಲೆಯಲ್ಲಿ ನಡೆಯುತ್ತಿರುವುದು ನಿಲ್ಲಬೇಕು. ಕಣ್ಣು ಎತ್ತ ಸರಿಯುತ್ತದೆಂದು ಅಳೆಯುವ ಯಂತ್ರ ಬಳಸಿ ಅಮಿ ಕ್ಲಿನ್ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದಂತೆ, ಚಲನಚಿತ್ರದ ಮಾತುಕತೆಯ ದೃಶ್ಯ ನೋಡುವಾಗ ಸಾಮಾನ್ಯರು ಪಾತ್ರಗಳ ಕಣ್ಣುಗಳನ್ನೂ ಆಟಿಸಂ ಇರುವವರು ಹೆಚ್ಚಾಗಿ ಬಾಯಿಯನ್ನೂ ಸುತ್ತಲಿನ ವಸ್ತುಗಳನ್ನೂ ನೋಡುತ್ತಿದ್ದರು. 2013ರಲ್ಲಿ ವಾರೆನ್ ಜೋನ್ಸ್ ಜೊತೆ ಅವರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಮುಂದೆ ಆಟಿಸಂ ಎಂದು ಗುರುತಿಸಲಾದ ಶಿಶುಗಳು ಎರಡು ತಿಂಗಳಿನಲ್ಲಿ ಎಲ್ಲರಂತೆ ಕಣ್ಣು ನೋಡುತ್ತಿದ್ದು, ಎರಡರಿಂದ ಆರು ತಿಂಗಳ ನಡುವೆ ಅದು ಇಳಿಯತೊಡಗಿತ್ತು. ಮುಖ ಗುರುತಿಸುವ ಮಿದುಳಿನ ಭಾಗವೇ ಇವರಲ್ಲಿ ಕೆಲಸ ಮಾಡುವುದಿಲ್ಲವೆಂದು 2000ದ ಸುಮಾರಿಗೆ ಭಾವಿಸಿದ್ದರು. ಮುಖದ ಮೇಲೆ ನೋಟ ನೆಟ್ಟಾಗ ಅದೂ ಕೆಲಸ ಮಾಡುತ್ತದೆಂದು ಆಮೇಲೆ ಗೊತ್ತಾಯಿತು. ಹಾಗಿದ್ದರೆ ನೆಟ್ಟು ನೋಡಿಸಿದರಾಯಿತಲ್ಲ ಎಂದು ಶಿಕ್ಷಕರು ಕೇಳಬಹುದು. ನೂಷಿನ್ ಹಾಜಿಖಾನಿ ಅವರ ತಂಡ 2017ರಲ್ಲಿ ಮಾಡಿದ್ದು ಅದನ್ನೇ: ಸ್ಕ್ಯಾನರಿನೊಳಗೆ ಮುಖದ ಕಣ್ಣಿನ ಭಾಗವನ್ನೇ ನೋಡುವಂತೆ ಮಾಡಿದಾಗ, ಅಪಾಯಕ್ಕೆ ಎಚ್ಚರಿಸುವ ಅಮಿಗ್ಡಲ ಮತ್ತು ಅದರೊಂದಿಗಿನ ಆಳದ ಭಾಗಗಳು ಆಟಿಸಂ ಇರುವವರಲ್ಲಿ ಅತಿಯಾಗಿ ಕೆರಳಿದವು. ಕಣ್ಣು ತಪ್ಪಿಸುವುದು ಎಷ್ಟೋ ಮಕ್ಕಳಿಗೆ ಆ ಕೆರಳುವಿಕೆಯನ್ನು ತಗ್ಗಿಸಿಕೊಳ್ಳುವ ದಾರಿ. ಎಷ್ಟೋ ದೊಡ್ಡವರು, ‘ಕಣ್ಣು ನೋಡಬೇಕಾದಾಗ ಮಾತು ಕೇಳಿಸಿಕೊಳ್ಳಲಾಗುವುದಿಲ್ಲ, ಮಾತು ಕೇಳಬೇಕಾದರೆ ಕಣ್ಣು ಬಿಡಬೇಕು’ ಎಂದು ತಾವೇ ಹೇಳುತ್ತಾರೆ.

ಆದ್ದರಿಂದ ಗದ್ದ ಹಿಡಿದು ಮುಖ ಎತ್ತುವುದು ಬೇಡ. ಪಕ್ಕದಲ್ಲಿ ಕುಳಿತು, ಇಬ್ಬರೂ ಒಂದೇ ಪುಸ್ತಕ ಅಥವಾ ಒಂದೇ ಆಟಿಕೆಯ ಕಡೆ ನೋಡುತ್ತಾ ಮಾತನಾಡಿದರೆ ಕಲಿಕೆ ಚೆನ್ನಾಗಿ ಸಾಗುತ್ತದೆ. ಅವನು ಕೇಳಿಸಿಕೊಂಡಿದ್ದಾನೆಯೇ ಎಂಬುದನ್ನು ಅವನ ಉತ್ತರದಿಂದ, ಅವನ ಕೈಕೆಲಸದಿಂದ ತಿಳಿಯಬೇಕು, ಕಣ್ಣಿನಿಂದಲ್ಲ. ನಮ್ಮ ಕಡೆ ಹಿರಿಯರ ಎದುರು ಕಣ್ಣು ತಗ್ಗಿಸಿ ನಿಲ್ಲುವುದನ್ನು ಮರ್ಯಾದೆಯೆಂದೇ ಕಲಿಸುತ್ತೇವೆ. ಈ ಒಂದು ಮಗುವಿನ ವಿಚಾರದಲ್ಲಿ ಮಾತ್ರ ಅದನ್ನು ದೋಷವೆಂದು ತಿದ್ದಲು ಹೊರಡುವುದು ನನಗೆ ನಿಜವಾಗಿ ನೋವು ತರುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ತುಟಿಯ ಚಲನೆಯನ್ನೂ ಕೇಳಿದ ಸದ್ದನ್ನೂ ಒಂದೇ ಘಟನೆಯೆಂದು ಹೊಂದಿಸಿಕೊಳ್ಳುವ ಸಮಯದ ಅಳತೆ ಆಟಿಸಂ ಇರುವ ಮಕ್ಕಳಲ್ಲಿ ಸಡಿಲವಾಗಿರುತ್ತದೆಂದು 2014ರ ಅಧ್ಯಯನವೊಂದು ತೋರಿಸಿತು. ನೋಟ ಮತ್ತು ಮಾತು ಒಟ್ಟಿಗೆ ಬಂದಾಗ ಗೊಂದಲವಾಗುವುದಿದ್ದರೆ ಒಂದಾದ ಮೇಲೆ ಒಂದನ್ನು ಕೊಡಿ: ಮೊದಲು ತಟ್ಟೆ ತೋರಿಸಿ, ಅವನು ನೋಡಿದ ಮೇಲೆ ‘ಊಟ’ ಎನ್ನಿ.

ಫ್ಯಾನನ್ನು ಓರೆಗಣ್ಣಿನಲ್ಲಿ ನೋಡುವುದರ ಬಗ್ಗೆ ಆತಂಕ ಬೇಡ. ಚಲಿಸುವ ವಸ್ತುಗಳನ್ನು ಚಿಕ್ಕ ಮಕ್ಕಳು ಹೀಗೆ ಬದಿಗಣ್ಣಿನಲ್ಲಿ ನೋಡುವುದನ್ನು ಮಾತ್ರೋಂ ಅವರ ತಂಡ 2007ರಲ್ಲಿ ದಾಖಲಿಸಿ, ಅತಿಯಾದ ವಿವರವನ್ನು ತಗ್ಗಿಸಿ ಚಲನೆಯನ್ನು ಹದವಾಗಿ ಪಡೆಯುವ ವಿಧಾನ ಇದಾಗಿರಬಹುದೆಂದು ಸೂಚಿಸಿತು. ಬೆಳಕು ಮತ್ತು ಚಲನೆಯ ಮೇಲಿನ ಇಂಥ ಆಕರ್ಷಣೆಯನ್ನು 2013ರಿಂದ ಆಟಿಸಂನ ಅಧಿಕೃತ ಲಕ್ಷಣಗಳಲ್ಲಿಯೇ ಸೇರಿಸಲಾಗಿದೆ. ಬೆರಳಿನಿಂದ ಕಣ್ಣುಗುಡ್ಡೆ ಒತ್ತಿಕೊಳ್ಳುವುದಿದ್ದರೆ ಮಾತ್ರ ಕೂಡಲೇ ಕಣ್ಣಿನ ವೈದ್ಯರಿಗೆ ತೋರಿಸಬೇಕು.

ಬೆಳಕಿನ ವಿಚಾರದಲ್ಲಿ ಶಾಲೆಯ ಕೋಣೆಯನ್ನು ಒಮ್ಮೆ ನೋಡಿ ಬನ್ನಿ. ಹಳೆಯ ಚೋಕ್ ಇರುವ ಟ್ಯೂಬ್‌ಲೈಟು ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಹಾಳಾಗುತ್ತಾ ಬಂದಾಗ ಆ ಮಿನುಗು ಎಲ್ಲರಿಗೂ ಕಾಣುತ್ತದೆ. ಇದು ಆಟಿಸಂ ಇರುವ ಮಕ್ಕಳನ್ನು ಹೆಚ್ಚು ಕಾಡುತ್ತದೆ ಎಂಬುದಕ್ಕೆ ಇರುವ ಸಾಕ್ಷ್ಯ ಸಣ್ಣದು, ಆದರೆ ಅವನನ್ನು ಕಿಟಕಿಯ ಬದಿಯ ಹಗಲ ಬೆಳಕಿಗೆ ಕೂರಿಸಲು ಖರ್ಚೇನೂ ಇಲ್ಲವಾದ್ದರಿಂದ ಮಾಡಿ ನೋಡಬೇಕು. ಬೋರ್ಡಿನ ಸುತ್ತ ನೇತುಹಾಕಿದ ಬಣ್ಣದ ಹಾಳೆಗಳನ್ನು ಕಡಿಮೆ ಮಾಡಿದರೂ ಅನುಕೂಲ. ಹೊರಗೆ ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಟೋಪಿ ಇರಲಿ.

ಜಾತ್ರೆಗೆ ಕರೆದೊಯ್ಯಿರಿ, ಆದರೆ ತೇರೆಳೆಯುವ ಸಂಜೆ ಬೇಡ. ಲಕ್ಷಾಂತರ ಜನ ಸೇರುವ ಆ ಹೊತ್ತಿನಲ್ಲಿ ಪ್ರತಿ ಮುಖ, ಪ್ರತಿ ಬಣ್ಣ, ಪ್ರತಿ ದೀಪ ಅವನ ಮಿದುಳಿಗೆ ಸಮಾನ ಬೆಲೆಯದಾಗಿ ನುಗ್ಗುತ್ತದೆ. ತೇರಿನ ಮರುದಿನಗಳಲ್ಲಿ ಬೆಳಿಗ್ಗೆ ಬೇಗ ಹೋಗಿ. ಹಿಂದಿನ ದಿನವೇ ಗವಿಮಠದ, ಗುಡ್ಡದ, ಅಂಗಡಿ ಸಾಲಿನ ಫೋಟೋಗಳನ್ನು ಯಾವುದಾದ ಮೇಲೆ ಯಾವುದು ಎಂದು ಕ್ರಮವಾಗಿ ತೋರಿಸಿ. ಅವನು ಕಣ್ಣು ಮುಚ್ಚಿಕೊಂಡರೆ, ಸೆರಗಿನಲ್ಲಿ ಮುಖ ಹುದುಗಿಸಿದರೆ, ಅಲ್ಲಿಗೆ ಸಾಕೆಂದು ತಿಳಿದು ಹೊರಗೆ ಬನ್ನಿ. ಅವನ ಜೇಬಿನಲ್ಲಿ ನಿಮ್ಮ ಫೋನ್ ನಂಬರಿನ ಚೀಟಿ ಇರಲಿ. ರಸ್ತೆ ದಾಟುವಾಗ ಕೈ ಬಿಡಬೇಡಿ. ಚಲನೆಯ ಗ್ರಹಿಕೆಯ ಬಗ್ಗೆ ಪ್ರಯೋಗಗಳ ಫಲ ಒಂದೇ ತೆರನಾಗಿಲ್ಲ, ಕೆಲವು ಸಂದರ್ಭಗಳಲ್ಲಿ ಇವರು ಇತರರಿಗಿಂತ ಚುರುಕು, ಕೆಲವದರಲ್ಲಿ ನಿಧಾನ. ಒಂದು ಕಡೆ ನೆಟ್ಟ ಗಮನವನ್ನು ಬಿಡಿಸಿಕೊಂಡು ಇನ್ನೊಂದೆಡೆ ತಿರುಗಿಸುವುದು ಇವರಲ್ಲಿ ಹಲವರಿಗೆ ಕಷ್ಟವಾದ್ದರಿಂದ, ಭತ್ತದ ಲಾರಿಗಳು ಓಡಾಡುವ ನಿಮ್ಮ ಕಡೆಯ ರಸ್ತೆಗಳಲ್ಲಿ ಈ ಎಚ್ಚರಿಕೆ ಬೇಕೇ ಬೇಕು.

ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮಗಳಿಂದ ಆಟಿಸಂ ಕಡಿಮೆಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ದಯವಿಟ್ಟು ಅದಕ್ಕೆ ಹಣ ಸುರಿಯಬೇಡಿ. ಅದರ ಬದಲು ನಿಜವಾಗಿ ಆಗಬೇಕಾದ ಒಂದು ಕೆಲಸವಿದೆ. ದೃಷ್ಟಿದೋಷ, ಮೆಳ್ಳಗಣ್ಣು ಇವು ಆಟಿಸಂ ಇರುವ ಮಕ್ಕಳಲ್ಲಿ ಇತರರಿಗಿಂತ ಹೆಚ್ಚು ಕಾಣುತ್ತವೆ, ಮತ್ತು ಮಗು ಅಕ್ಷರ ಓದಿ ಹೇಳದಿದ್ದರೆ ಸಾಮಾನ್ಯ ಪರೀಕ್ಷೆಯಲ್ಲಿ ಅವು ತಪ್ಪಿಹೋಗುತ್ತವೆ. ಕಣ್ಣಿಗೆ ಹನಿ ಹಾಕಿ, ಪಾಪೆ ಅಗಲವಾದ ಮೇಲೆ, ಕಣ್ಣಿನೊಳಗೆ ಬೆಳಕು ಹಾಯಿಸಿ ಕನ್ನಡಕದ ನಂಬರ್ ನೋಡುವ ಪರೀಕ್ಷೆಗೆ ಮಗು ಉತ್ತರ ಕೊಡಬೇಕಾಗಿಲ್ಲ. ಹಿಂದಿನ ಸಲ ಹನಿ ಹಾಕಿದ್ದರೇ ಎಂದು ಕೇಳಿ, ಹಾಕಿರದಿದ್ದರೆ ಅದನ್ನು ಮಾಡಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ನಡೆಯುವ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ 18 ವರ್ಷದವರೆಗಿನ ಮಕ್ಕಳನ್ನು ಉಚಿತವಾಗಿ ನೋಡುತ್ತಾರೆ. ಅಂಗನವಾಡಿ ಅಥವಾ ಶಾಲೆಗೆ ಬರುವ ತಪಾಸಣಾ ತಂಡದವರೇ ಅಲ್ಲಿಗೆ ಚೀಟಿ ಬರೆದುಕೊಡುತ್ತಾರೆ.

ಅವನು ಊಟದಲ್ಲಿ ಏನೇನು ತಿನ್ನುತ್ತಾನೆಂದು ನೀವು ಬರೆದಿಲ್ಲ. ಆಟಿಸಂ ಇರುವ ಹಲವು ಮಕ್ಕಳು ಬಣ್ಣ, ಆಕಾರ ನೋಡಿಯೇ ಊಟ ನಿರಾಕರಿಸುತ್ತಾರೆ. ಬರೀ ಅನ್ನ, ಬಿಸ್ಕತ್ತಿನ ಮೇಲೆಯೇ ವರ್ಷಗಟ್ಟಲೆ ಇದ್ದು ವಿಟಮಿನ್ ಎ ಕೊರತೆಯಿಂದ ಕಣ್ಣಿಗೆ ಹಾನಿಯಾದ ಮಕ್ಕಳ ಬಗ್ಗೆ ವೈದ್ಯಕೀಯ ವರದಿಗಳಿವೆ. ಮೊಟ್ಟೆ, ಹಾಲು, ಪಪ್ಪಾಯಿ, ನುಗ್ಗೆ ಸೊಪ್ಪು ಇವುಗಳಲ್ಲಿ ಒಂದನ್ನೂ ಅವನು ಮುಟ್ಟುವುದಿಲ್ಲವಾದರೆ, ಅಥವಾ ಮುಸ್ಸಂಜೆಯಲ್ಲಿ ಎಡವುವುದು, ಕಣ್ಣು ಒಣಗಿದಂತೆ ಉಜ್ಜಿಕೊಳ್ಳುವುದು ಕಂಡರೆ, ಜಾತ್ರೆಯವರೆಗೆ ಕಾಯದೆ ಈ ವಾರವೇ ಮಕ್ಕಳ ವೈದ್ಯರಿಗೆ ತೋರಿಸಿ.